ಹಾಡು ಹೊಸ್ತಿಲಾಚೆ, ಮಂತ್ರ ಹೊಸ್ತಿಲೊಳಗೆ

ತಮಿಳುನಾಡಿನ ದೊಡ್ಡ ದೇವಸ್ಥಾನಗಳಿಗೆ ಹೋದಾಗ ಒಂದು ಬೋರ್ಡು ಕಣ್ಣಿಗೆ ಬಿದ್ದಿರಬಹುದು. ‘ಇಂಗು ತಮಿಳಿಲುಂ ಅರ್ಚನೈ ಸೆಯ್ಯಪ್ಪಡುಂ.’ ಇಲ್ಲಿ ತಮಿಳಿನಲ್ಲೂ ಅರ್ಚನೆ ಮಾಡಲಾಗುವುದು ಅಂತ ಅರ್ಥ. ತಮಿಳು ಓದಲು ಬಾರದವರು ಹಣ್ಣುಕಾಯಿ ತಟ್ಟೆ ಹಿಡಿದು ಸುಮ್ನೆ ಮುಂದೆ ಹೋಗಿರುತ್ತಾರೆ. ಆದರೆ ಅಲ್ಲಿರುವ ‘ಉಂ’ ನೋಡಿ. ನಮ್ಮ ‘ತಮಿಳಿನಲ್ಲೂ’ ಅನ್ನುವಾಗಿನ ‘ಊ’ ಅದು. ತಮಿಳು ರಾಜರು ಕಟ್ಟಿಸಿದ ಗುಡಿ, ಬರುವವರೂ ತಮಿಳರೇ. ಅಂಥ ಕಡೆ ತಮಿಳು ಕೂಡ ನಡೆಯುತ್ತದೆ ಅಂತ ಬೋರ್ಡು ಹಾಕಬೇಕಾಗಿ ಬಂದಿದೆ.

2021ರ ಆಗಸ್ಟ್‌ನಲ್ಲಿ ಮೈಲಾಪುರದ ಕಪಾಲೀಶ್ವರ ದೇವಸ್ಥಾನದಲ್ಲಿ ‘ಅನ್ನೈ ತಮಿಳಿಲ್ ಅರ್ಚನೈ’ ಯೋಜನೆ ಶುರುವಾಯಿತು. ಮೊದಲ ಹಂತದಲ್ಲಿ 47 ದೇವಸ್ಥಾನಗಳು. ತಮಿಳಿನಲ್ಲಿ ಅರ್ಚನೆ ಮಾಡುವವರ ಹೆಸರು, ಮೊಬೈಲ್ ನಂಬರ್ ಎರಡನ್ನೂ ಬೋರ್ಡಿನಲ್ಲಿ ಹಾಕಿದರು. ಅದೇ ತಿಂಗಳ 14ರಂದು ಮುಖ್ಯಮಂತ್ರಿ ಸ್ಟಾಲಿನ್, ಬೇರೆ ಬೇರೆ ಜಾತಿಗಳಿಂದ ಬಂದು ಸರ್ಕಾರಿ ಶಾಲೆಯಲ್ಲಿ ತರಬೇತಿ ಪಡೆದ 24 ಮಂದಿಗೆ ಅರ್ಚಕರಾಗಿ ನೇಮಕದ ಆದೇಶ ಕೊಟ್ಟರು. ಆಮೇಲೆ ಕೋರ್ಟು, ತಡೆ, ಮತ್ತೆ ಕೋರ್ಟು.

ಕರ್ನಾಟಕದಲ್ಲಿ ಕೂತು ನೋಡುವವರಿಗೆ ಇದು ಡಿಎಂಕೆಯಂಥ ನಾಸ್ತಿಕ ಪಕ್ಷಕ್ಕೂ ಬ್ರಾಹ್ಮಣ ಅರ್ಚಕರಿಗೂ ನಡೆಯುತ್ತಿರುವ ಹಳೇ ಕುಸ್ತಿಯಂತೆ ಕಾಣುತ್ತದೆ. ರಾಜಕೀಯ ಖಂಡಿತ ಇದೆ. ಆದರೆ ಈ ಜಗಳದ ಬೇರು ದ್ರಾವಿಡ ಚಳವಳಿಗಿಂತ ಸಾವಿರ ವರ್ಷ ಹಳೆಯದು. ತಮಿಳರ ದೇವಸ್ಥಾನದೊಳಗೆ ತಮಿಳಿಗೆ ಮೊದಲಿನಿಂದಲೂ ಜಾಗ ಇದೆ, ದೊಡ್ಡ ಜಾಗವೇ ಇದೆ. ಆ ಜಾಗ ಎಲ್ಲಿಗೆ ನಿಲ್ಲುತ್ತದೆ ಅನ್ನುವುದೇ ತಕರಾರು.

ಹಾಡಿದವರು ಎಲ್ಲಿ ನಿಂತರು

ಸಂಗಂ ಕಾಲದ ಪದ್ಯಗಳಲ್ಲಿ ದೇವರುಗಳು ನೆಲಕ್ಕೆ ಅಂಟಿಕೊಂಡಿದ್ದಾರೆ. ಬೆಟ್ಟಕ್ಕೆ ಮುರುಗ, ಕಾಡು-ಹುಲ್ಲುಗಾವಲಿಗೆ ಮಾಯೋನ್, ಒಣ ನೆಲಕ್ಕೆ ಕೊಟ್ರವೈ. ಮುರುಗನ ಪೂಜೆಯಲ್ಲಿ ವೇಲನ್ ಅನ್ನುವವನು ಮೈದುಂಬಿ ಕುಣಿಯುತ್ತಾನೆ. ಅಲ್ಲಿ ಗರ್ಭಗುಡಿಯ ಮಾತೇ ಇಲ್ಲ.

ಕಲ್ಲಿನ ಗುಡಿ ಮತ್ತು ಭಕ್ತಿಯ ಹಾಡು ಬೆಳೆದದ್ದು ಹೆಚ್ಚುಕಡಿಮೆ ಜೊತೆಜೊತೆಗೆ. ಏಳನೇ ಶತಮಾನದಿಂದ ಮುಂದೆ ಶೈವರ 63 ನಾಯನ್ಮಾರರು, ವೈಷ್ಣವರ 12 ಆಳ್ವಾರರ ಕಾಲ. ಇವರು ಯಾರು ಯಾರು ಅಂತ ನೋಡಿದರೆ ಆಶ್ಚರ್ಯ ಆಗುತ್ತದೆ. ಶಿವಭಕ್ತಿಯ ಹಾಡುಗಳಾದ ತೇವಾರವನ್ನು ಹಾಡಿದ ಮೂವರಲ್ಲಿ ಅಪ್ಪರ್ ವೆಳ್ಳಾಳ (ಬೇಸಾಯಗಾರರ ಜಾತಿ), ಸಂಬಂಧರ್ ಬ್ರಾಹ್ಮಣ, ಸುಂದರರ್ ಆದಿಶೈವ (ಶಿವನ ಗುಡಿಯ ಅರ್ಚಕರ ಕುಲ). ಸುಂದರರ್ ನಮಗೂ ಗೊತ್ತು. ಹರಿಹರನ ರಗಳೆಯ ನಂಬಿಯಣ್ಣ ಅವನೇ. ವಚನಕಾರರು ‘ಪುರಾತನರು’ ಅಂತ ಕೈಮುಗಿಯುವುದು ಇದೇ ಅರವತ್ತಮೂವರಿಗೆ. ಬೇಡರ ಕಣ್ಣಪ್ಪ ಈ ಗುಂಪಿನವನು. ವೈಷ್ಣವರ ಕಡೆ, ಯಾರ ಹಾಡನ್ನು ದ್ರಾವಿಡ ವೇದ ಅನ್ನುತ್ತಾರೋ ಆ ನಮ್ಮಾಳ್ವಾರ್ ವೆಳ್ಳಾಳ. ತಿರುಪ್ಪಾಣಾಳ್ವಾರ್ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಪಾಣರ ಕುಲದವರು.

ಅಂದರೆ ಹಾಡುವುದಕ್ಕೆ ಜಾತಿ ಅಡ್ಡ ಬರಲಿಲ್ಲ. ಒಳಗೆ ಹೋಗುವುದಕ್ಕೆ? ಪುರಾಣಗಳನ್ನೇ ಕೇಳಿ. ತಿರುಪ್ಪಾಣಾಳ್ವಾರರನ್ನು ಲೋಕಸಾರಂಗ ಮುನಿ ಹೆಗಲ ಮೇಲೆ ಹೊತ್ತು ಶ್ರೀರಂಗದ ಒಳಗೆ ಕರೆದೊಯ್ದರಂತೆ. ಆಳ್ವಾರರ ಕಾಲು ನೆಲ ಮುಟ್ಟಲಿಲ್ಲ. ನಂದನಾರ್ ಕಥೆ ಇನ್ನೂ ಕಠಿಣ. ‘ನಾಳೆ ಹೋಗುತ್ತೇನೆ, ನಾಳೆ ಹೋಗುತ್ತೇನೆ’ ಎನ್ನುತ್ತಲೇ ಇದ್ದು ತಿರುನಾಳೈಪ್ಪೋವಾರ್ ಅಂತ ಹೆಸರಾದ ಆ ಹೊಲೆಯರ ಭಕ್ತ, ಚಿದಂಬರಕ್ಕೆ ಬಂದು ಬೆಂಕಿ ಹಾದ. ಜನಿವಾರ ತೊಟ್ಟ ಮುನಿಯಾಗಿ ಹೊರಬಂದ. ಆಮೇಲೆಯೇ ಒಳಗೆ ಹೋದದ್ದು. ಹನ್ನೆರಡನೇ ಶತಮಾನದಲ್ಲಿ ಕವಿ ಸೇಕ್ಕಿಳಾರ್ ಇದನ್ನು ಭಕ್ತಿಯಿಂದಲೇ ಬರೆದಿದ್ದಾರೆ. ಭಕ್ತಿಯ ಕಥೆಗೂ ಹೊಸ್ತಿಲು ದಾಟಿಸಲು ಮೈಯನ್ನೇ ಬದಲಾಯಿಸಬೇಕಾಯಿತು!

ರಾಜರು ಹಾಡಿಗೆ ಸಂಬಳ ಕೊಟ್ಟರು. ತಂಜಾವೂರಿನ ದೊಡ್ಡ ಗುಡಿಯ ಶಾಸನದಲ್ಲಿ ರಾಜರಾಜ ಚೋಳ ತಿರುಪ್ಪದಿಯಂ (ತೇವಾರದ ಹಾಡು) ಹಾಡಲು 48 ‘ಪಿಡಾರರ್’ಗಳನ್ನೂ, ವಾದ್ಯ ನುಡಿಸಲು ಇಬ್ಬರನ್ನೂ ನೇಮಿಸಿದ ವಿವರ ಇದೆ. ಒಬ್ಬೊಬ್ಬರಿಗೆ ದಿನಕ್ಕೆ ಮೂರು ಕುರುಣಿ ಭತ್ತ. ಇಂದಿನ ಓದುವಾರ್‌ಗಳು ಆ ಪರಂಪರೆಯವರು. ಇವರಲ್ಲಿ ಹೆಚ್ಚಿನವರು ಬ್ರಾಹ್ಮಣೇತರರು. ಗರ್ಭಗುಡಿಯ ಎದುರಿನ ಮಂಟಪದಲ್ಲಿ ನಿಂತು ತೇವಾರ ಹಾಡುತ್ತಾರೆ. ಒಳಗೆ ಗುರುಕ್ಕಳ್, ಅಂದರೆ ಅರ್ಚಕರು, ಸಂಸ್ಕೃತದಲ್ಲಿ ಅಭಿಷೇಕ ನಡೆಸುತ್ತಾರೆ. ಇಬ್ಬರೂ ಒಂದೇ ದೇವರ ಮುಂದೆ, ಮಧ್ಯೆ ಒಂದು ಹೊಸ್ತಿಲು.

ವೈಷ್ಣವರಲ್ಲಿ ಇದು ಬೇರೆ ರೀತಿ. ಉತ್ಸವ ಹೊರಟಾಗ ಆಳ್ವಾರರ ಹಾಡುಗಳಾದ ದಿವ್ಯಪ್ರಬಂಧದ ಗೋಷ್ಠಿ ದೇವರ ಮುಂದೆ ನಡೆಯುತ್ತದೆ, ವೇದ ಪಾರಾಯಣದವರು ಹಿಂದೆ. ದೇವರು ತಮಿಳಿನ ಹಿಂದೆ ಹೋಗುತ್ತಾನೆ, ವೇದ ದೇವರನ್ನು ಹುಡುಕಿಕೊಂಡು ಹಿಂದೆ ಬರುತ್ತದೆ ಅಂತ ಅವರು ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ಮೇಲುಕೋಟೆಯಲ್ಲೂ ಪ್ರಬಂಧ ಇಂದಿಗೂ ತಮಿಳಿನಲ್ಲೇ. ಧನುರ್ಮಾಸದಲ್ಲಿ ಕನ್ನಡ ಲಿಪಿಯ ಪುಸ್ತಕ ಹಿಡಿದು ತಿರುಪ್ಪಾವೈ ಹೇಳುವ ಅಯ್ಯಂಗಾರ್ ಮನೆಗಳು ಮೈಸೂರಿನಲ್ಲಿ ಎಷ್ಟಿಲ್ಲ! (ಕಾಂಚೀಪುರದಲ್ಲಿ ಅಯ್ಯಂಗಾರರ ಎರಡು ಪಂಗಡಗಳಾದ ವಡಗಲೈ-ತೆಂಗಲೈ ಇಬ್ಬರೂ ‘ಮೊದಲು ನಮ್ಮ ಪಾಠ’ ಅಂತ ತಲೆಮಾರುಗಟ್ಟಲೆ ಕೋರ್ಟು ಹತ್ತಿದ್ದಾರೆ. ಅವರಿಬ್ಬರೂ ಬ್ರಾಹ್ಮಣರೇ. ಹಾಗಾಗಿ ಇಲ್ಲಿನ ಪ್ರತಿ ಜಗಳವೂ ಜಾತಿಯದ್ದು ಅಂದುಕೊಳ್ಳಬೇಡಿ.)

ಮುಟ್ಟುವ ಹಕ್ಕು

ಈಗ ಆಗಮದ ಮಾತು. ದೊಡ್ಡ ಗುಡಿಗಳನ್ನು ಹೇಗೆ ಕಟ್ಟಬೇಕು, ಮೂರ್ತಿಗೆ ಹೇಗೆ ಪ್ರಾಣಪ್ರತಿಷ್ಠೆ ಮಾಡಬೇಕು, ದಿನಕ್ಕೆ ಎಷ್ಟು ಪೂಜೆ, ಯಾರು ಮಾಡಬೇಕು ಅಂತ ಹೇಳುವ ಗ್ರಂಥಗಳು ಆಗಮಗಳು. ಶೈವರಲ್ಲಿ 28 ಮೂಲ ಆಗಮಗಳು. ಕಾಮಿಕ, ಕಾರಣ ಆಗಮಗಳ ಹೆಸರು ತಮಿಳುನಾಡಿನಲ್ಲಿ ಜಾಸ್ತಿ ಕೇಳುತ್ತದೆ. ವೈಷ್ಣವರಲ್ಲಿ ಪಾಂಚರಾತ್ರ ಮತ್ತು ವೈಖಾನಸ. ಶ್ರೀರಂಗದಲ್ಲಿ ಪಾಂಚರಾತ್ರ, ಚೆನ್ನೈನ ತಿರುವಲ್ಲಿಕ್ಕೇಣಿ ಪಾರ್ಥಸಾರಥಿಗೆ ವೈಖಾನಸ.

ಆಗಮದ ಪದ್ಧತಿಯಲ್ಲಿ ಶಿವನ ಗುಡಿಯ ಮೂರ್ತಿಯನ್ನು ಆದಿಶೈವ ಶಿವಾಚಾರ್ಯರು ಮಾತ್ರ ಮುಟ್ಟಬಹುದು. ಇದನ್ನು ಸರಿಯಾಗಿ ಗಮನಿಸಬೇಕು. ಇದು ‘ಬ್ರಾಹ್ಮಣರಿಗೆ ಮಾತ್ರ’ ಅನ್ನುವ ನಿಯಮಕ್ಕಿಂತ ಸಣ್ಣ ಬಾಗಿಲು. ನಾಲ್ಕು ವೇದ ಓದಿದ ಸ್ಮಾರ್ತ ಅಯ್ಯರ್ ಕೂಡ ಆ ಮೂರ್ತಿಯನ್ನು ಮುಟ್ಟುವಂತಿಲ್ಲ, ಮುಟ್ಟಿದರೆ ಶುದ್ಧಿ ಮಾಡಬೇಕು. ವೈಖಾನಸ ಗುಡಿಗಳಲ್ಲಿ ಆ ವಂಶದಲ್ಲೇ ಹುಟ್ಟಿರಬೇಕು. ಶಿವಾಚಾರ್ಯರು ತಮ್ಮ ವಾದದಲ್ಲಿ ಇದನ್ನೇ ಮುಂದಿಡುತ್ತಾರೆ: ನಾವು ಯಾವ ಜಾತಿಯನ್ನೂ ಕೀಳು ಅನ್ನುತ್ತಿಲ್ಲ, ಇದು ನಮ್ಮ ಸಂಪ್ರದಾಯದ ದೀಕ್ಷೆ, ಅಷ್ಟೇ. ಚಿಕ್ಕಂದಿನಲ್ಲೇ ಪಿಳ್ಳೈಯಾರ್‌ಪಟ್ಟಿಯಂಥ ಊರಿನ ಪಾಠಶಾಲೆ ಸೇರಿ ವರ್ಷಗಟ್ಟಲೆ ಕಲಿತವರನ್ನೂ, ಸರ್ಕಾರದ ಒಂದು ವರ್ಷದ ಕೋರ್ಸು ಮುಗಿಸಿದವರನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತೀರಾ ಅಂತ ಕೇಳುತ್ತಾರೆ. ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ ಇದು.

ಆದರೆ ದೀಕ್ಷೆಯೇ ಮುಖ್ಯ ಅನ್ನುವುದಾದರೆ ಅದನ್ನು ಹೊರಗಿನವರಿಗೂ ಕೊಡಬಹುದಲ್ವಾ? ಅಲ್ಲಿಗೆ ಬಂದಾಗ ಮಾತು ಮತ್ತೆ ಹುಟ್ಟಿಗೆ ತಿರುಗುತ್ತದೆ. ಇನ್ನೊಂದು ವಿಷಯ. ಜನವರಿ 1ರ ನಡುರಾತ್ರಿ ಗುಡಿಯ ಬಾಗಿಲು ತೆರೆಯುವುದು, ಸ್ಪೆಷಲ್ ದರ್ಶನಕ್ಕೆ ಟಿಕೆಟ್ ಹರಿಯುವುದು ಯಾವ ಆಗಮದಲ್ಲಿದೆ? ಅಲ್ಲೊಬ್ಬರು ಇಲ್ಲೊಬ್ಬರು ಆಕ್ಷೇಪ ಎತ್ತುತ್ತಾರೆ, ನಿಜ. ಆದರೆ ಅದಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಐವತ್ತು ವರ್ಷ ಓಡಾಡಿದ್ದನ್ನು ನಾನಂತೂ ನೋಡಿಲ್ಲ.

ಐವತ್ತು ವರ್ಷದ ಕೇಸು

ದ್ರಾವಿಡ ಚಳವಳಿಯ ನಾಯಕ ಪೆರಿಯಾರ್ ದೇವರನ್ನು ನಂಬದವರು. ಆದರೂ ಕೊನೆಗಾಲದಲ್ಲಿ ಅವರು ಹಿಡಿದ ಹಟ, ಗರ್ಭಗುಡಿಯೊಳಗೆ ಎಲ್ಲ ಜಾತಿಯವರೂ ಹೋಗುವಂತಾಗಬೇಕು ಅನ್ನುವುದು. ‘ನಂಬದವನಿಗೆ ಒಳಗೇನು ಕೆಲಸ’ ಅಂತ ಆಗಲೂ ಕೇಳಿದರು, ಈಗಲೂ ಕೇಳುತ್ತಾರೆ. ಪೆರಿಯಾರ್ ಲೆಕ್ಕ ಬೇರೆ. ಬೀದಿ, ಕೆರೆ, ಗುಡಿಯ ಪ್ರಾಕಾರ ಎಲ್ಲದರಲ್ಲೂ ಬಾಗಿಲು ತೆರೆದಾಗಿದೆ. ಹುಟ್ಟಿನಿಂದ ಕೀಳು ಅಂತ ಕಾನೂನೇ ಒಪ್ಪುವ ಜಾಗ ಇದೊಂದು ಉಳಿದಿದೆ ಎಂಬುದು ಅವರ ವಾದ.

ಕರುಣಾನಿಧಿ ಸರ್ಕಾರ 1970ರ ಡಿಸೆಂಬರ್‌ನಲ್ಲಿ ದೇವಸ್ಥಾನಗಳ ಕಾಯ್ದೆ ತಿದ್ದಿತು. ಅಪ್ಪನ ನಂತರ ಮಗ ಅನ್ನುವ ವಂಶಪಾರಂಪರ್ಯ ನೇಮಕ ರದ್ದಾಯಿತು. 12 ರಿಟ್ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. 1972ರ ಮಾರ್ಚ್ 14ರಂದು ಬಂದ ಶೇಷಮ್ಮಾಳ್ ತೀರ್ಪು ಎರಡೂ ಕಡೆಯವರಿಗೆ ಅರ್ಧರ್ಧ ಹಂಚಿತು. ಅರ್ಚಕರ ನೇಮಕ ಲೌಕಿಕ ಕೆಲಸ, ಆದ್ದರಿಂದ ವಂಶದ ಹಕ್ಕು ತೆಗೆಯುವುದು ಸರಿ. ಆದರೆ ನೇಮಕವಾಗುವವರು ಆಗಮ ಹೇಳಿದ ಪಂಗಡದವರೇ ಇರಬೇಕು. ಅಂದರೆ ಸ್ವಂತ ಮಗನಿಗೆ ಹಕ್ಕಿಲ್ಲ, ಆದರೆ ಅದೇ ಕುಲದ ಇನ್ಯಾರದೋ ಮಗ ಆಗಬಹುದು. ಸರ್ಕಾರ ಗೆದ್ದಂತೆ ಕಂಡಿತು, ಹೊಸ್ತಿಲು ಇದ್ದಲ್ಲೇ ಇತ್ತು. ಮರುವರ್ಷ ಡಿಸೆಂಬರ್‌ನಲ್ಲಿ ಪೆರಿಯಾರ್ ತೀರಿಕೊಂಡರು. ಅವರ ಎದೆಯ ಮುಳ್ಳು ತೆಗೆಯಲಾಗಲಿಲ್ಲ ಅಂತ ಕರುಣಾನಿಧಿ ಮತ್ತೆ ಮತ್ತೆ ಹೇಳುತ್ತಿದ್ದರು. ಆ ‘ಮುಳ್ಳು’ ಇಂದಿಗೂ ಭಾಷಣಗಳಲ್ಲಿ ಬರುತ್ತದೆ.

ಇಲ್ಲಿ ನಮ್ಮ ಉಡುಪಿಗೂ ಒಂದು ಪಾತ್ರ ಇದೆ. ದಕ್ಷಿಣ ಕನ್ನಡ ಆಗ ಮದ್ರಾಸ್ ರಾಜ್ಯದಲ್ಲಿತ್ತು. 1951ರ ಮದ್ರಾಸ್ ದೇವಸ್ಥಾನ-ಮಠಗಳ ಕಾಯ್ದೆಯ ವಿರುದ್ಧ ಶಿರೂರು ಮಠದ ಸ್ವಾಮೀಜಿ ಹೂಡಿದ ಮೊಕದ್ದಮೆಯಲ್ಲಿ 1954ರಲ್ಲಿ ಸುಪ್ರೀಂ ಕೋರ್ಟು, ಒಂದು ಧರ್ಮಕ್ಕೆ ಯಾವುದು ಅತ್ಯಗತ್ಯ ಅನ್ನುವುದನ್ನು ಆ ಧರ್ಮದ ಸಿದ್ಧಾಂತವನ್ನೇ ನೋಡಿ ನಿರ್ಧರಿಸಬೇಕು ಎಂದಿತು. ಅಂದಿನಿಂದ ನ್ಯಾಯಮೂರ್ತಿಗಳು ಆಗಮ ಓದುವ ಕೆಲಸಕ್ಕೆ ಇಳಿದರು. ತಮಿಳುನಾಡಿನ ಅರ್ಚಕರ ಕೇಸುಗಳೆಲ್ಲ ಆ ದಾರಿಯಲ್ಲೇ ನಡೆದು ಬಂದಿವೆ.

2006ರ ಮೇ 23ರಂದು ಮತ್ತೊಂದು ಸರ್ಕಾರಿ ಆದೇಶ ಬಂತು. ಅರ್ಹತೆ, ತರಬೇತಿ ಇರುವ ಯಾವುದೇ ಹಿಂದೂ ಅರ್ಚಕ ಆಗಬಹುದು. ಮದುರೈ, ಪಳನಿ, ತಿರುಚೆಂದೂರು, ತಿರುವಣ್ಣಾಮಲೈಯಲ್ಲಿ ಶೈವ ಶಾಲೆ, ಶ್ರೀರಂಗ ಮತ್ತು ತಿರುವಲ್ಲಿಕ್ಕೇಣಿಯಲ್ಲಿ ವೈಷ್ಣವ ಶಾಲೆ ತೆರೆದರು. ಇನ್ನೂರಕ್ಕೂ ಹೆಚ್ಚು ಹುಡುಗರು ಕಲಿತು, ದೀಕ್ಷೆ ಪಡೆದು ಹೊರಬಂದರು. ಕೆಲಸ ಮಾತ್ರ ಸಿಗಲಿಲ್ಲ, ಕೇಸು ಸುಪ್ರೀಂ ಕೋರ್ಟಿನಲ್ಲಿತ್ತು. 2015ರ ಡಿಸೆಂಬರ್ 16ರ ತೀರ್ಪು ಆದೇಶವನ್ನು ರದ್ದು ಮಾಡಲಿಲ್ಲ, ಪೂರ್ತಿ ಒಪ್ಪಲೂ ಇಲ್ಲ. ನೇಮಕ ಆಗಮದ ಪ್ರಕಾರ ಇರಲಿ, ಆಗಮ ಸಂವಿಧಾನಕ್ಕೆ ಹೊಂದುತ್ತದೆಯೇ ಅನ್ನುವುದನ್ನು ಒಂದೊಂದೇ ಪ್ರಕರಣದಲ್ಲಿ ನೋಡೋಣ ಅಂದಿತು. ಆ ಹುಡುಗರಲ್ಲಿ ಮೊದಲನೆಯವರಿಗೆ ನೇಮಕ ಸಿಕ್ಕಿದ್ದು 2018ರಲ್ಲಿ, ಮದುರೈಯ ಒಂದು ಅಯ್ಯಪ್ಪನ ಗುಡಿಯಲ್ಲಿ. ಕೋರ್ಸು ಮುಗಿಸಿ ಹತ್ತು ವರ್ಷ ಆಗಿತ್ತು.

‘ಒಂದೊಂದೇ ಪ್ರಕರಣ’ ಅಂದರೆ ಏನಾಗುತ್ತದೆ ಅಂತ 2023ರಲ್ಲಿ ಗೊತ್ತಾಯಿತು. ತಿರುಚ್ಚಿ ಹತ್ತಿರದ ಕುಮಾರವಯಲೂರಿನ ಮುರುಗನ ಗುಡಿಗೆ 2021ರಲ್ಲಿ ಇಬ್ಬರು ಬ್ರಾಹ್ಮಣೇತರ ಅರ್ಚಕರು ನೇಮಕವಾಗಿದ್ದರು. ಆ ಗುಡಿ ಕಾಮಿಕ ಆಗಮದ್ದು, ಅಲ್ಲಿ ಆದಿಶೈವರೇ ಬೇಕು ಎಂದು ಹೈಕೋರ್ಟಿನ ಮದುರೈ ಪೀಠ ನೇಮಕ ರದ್ದು ಮಾಡಿತು. ಅದೇ ವರ್ಷ ಜೂನ್‌ನಲ್ಲಿ ಸೇಲಂನ ಸುಗವನೇಶ್ವರ ದೇವಸ್ಥಾನದ ಕೇಸಿನಲ್ಲಿ ಅದೇ ಹೈಕೋರ್ಟಿನ ಇನ್ನೊಬ್ಬ ನ್ಯಾಯಮೂರ್ತಿ, ಆಗಮ ಬಲ್ಲವರಾಗಿದ್ದರೆ ಸಾಕು, ಜಾತಿಯ ವಂಶಾವಳಿಗೆ ಇಲ್ಲಿ ಪಾತ್ರವಿಲ್ಲ ಎಂದರು. ಆಗಮ ಒಂದೇ, ಓದು ಎರಡು. ಒಬ್ಬರು ಆಗಮದಲ್ಲಿ ಕುಲ ಕಂಡರು, ಇನ್ನೊಬ್ಬರು ವಿದ್ಯೆ ಕಂಡರು.

ಇದಕ್ಕೂ ಮೊದಲು, 2022ರ ಆಗಸ್ಟ್‌ನಲ್ಲಿ, ಹೈಕೋರ್ಟು ಒಂದು ಸರಳ ಪ್ರಶ್ನೆ ಎತ್ತಿತ್ತು. ಯಾವ ಗುಡಿ ಆಗಮದ್ದು, ಯಾವುದು ಅಲ್ಲ ಅಂತ ಪಟ್ಟಿ ಎಲ್ಲಿದೆ? ಇರಲಿಲ್ಲ. ನಮ್ಮ ಮುಜರಾಯಿ ಇಲಾಖೆಯಂತೆ ಅಲ್ಲೂ ಒಂದು ಇಲಾಖೆ ಇದೆ, ಅದರ ಕೈಕೆಳಗೆ 36 ಸಾವಿರಕ್ಕೂ ಹೆಚ್ಚು ದೇವಸ್ಥಾನಗಳಿವೆ. ಅರ್ಧ ಶತಮಾನ ಆಗಮದ ಮೇಲೆ ಕೇಸು ನಡೆಸಿದವರ ಹತ್ತಿರ ಆಗಮದ ಗುಡಿಗಳ ಪಟ್ಟಿಯೇ ಇಲ್ಲ! ನಿವೃತ್ತ ನ್ಯಾಯಮೂರ್ತಿ ಚೊಕ್ಕಲಿಂಗಂ ಮುಂದಾಳುತನದಲ್ಲಿ ಐದು ಜನರ ಸಮಿತಿ ಮಾಡಿ ಪಟ್ಟಿ ಮಾಡಿ ಎಂದು ಕೋರ್ಟು ಹೇಳಿತು.

ಆಗಮ ಇಲ್ಲದ ಕಡೆ

ಇಷ್ಟು ಓದಿದರೆ ತಮಿಳರ ದೇವರೆಲ್ಲ ಆಗಮದೊಳಗೆ ಇದ್ದಾರೆ ಅನ್ನಿಸುತ್ತದೆ. ಊರ ಹೊರಗೆ ಹೋಗಿ ನೋಡಿ. ಅಯ್ಯನಾರ್ ಗುಡಿಯಲ್ಲಿ ಮಣ್ಣಿನ ಕುದುರೆ ಮಾಡುವ ಕುಂಬಾರರೇ ಎಷ್ಟೋ ಕಡೆ ಪೂಜಾರಿಗಳು. ಮೇಲ್ಮಲಯನೂರಿನ ಅಂಗಾಳಮ್ಮನ ಪೂಜೆ ಮೀನುಗಾರ ಪರ್ವತರಾಜ ಕುಲದವರದ್ದು. ಕರುಪ್ಪಸಾಮಿಗೆ ಸುರುಟ್ಟು (ಚುಟ್ಟಾ), ಸಾರಾಯಿ, ಕೋಳಿ. 2003ರಲ್ಲಿ ಜಯಲಲಿತಾ ಸರ್ಕಾರ 1950ರ ಹಳೇ ಕಾಯ್ದೆ ಹಿಡಿದು ಪ್ರಾಣಿಬಲಿ ನಿಲ್ಲಿಸಲು ಹೋಗಿ, ಹಳ್ಳಿಗಳ ಸಿಟ್ಟು ಕಂಡು 2004ರಲ್ಲಿ ಆ ಕಾಯ್ದೆಯನ್ನೇ ವಾಪಸ್ ತೆಗೆದುಕೊಂಡಿತು.

ಮೇಲ್ಮರುವತ್ತೂರು ಇನ್ನೊಂದು ಬಗೆ. ಕೆಂಪು ಸೀರೆ ಉಟ್ಟು, ‘ಓಂ ಶಕ್ತಿ’ ಅನ್ನುತ್ತಾ ಬೆಂಗಳೂರು, ಕೋಲಾರದ ಕಡೆಯಿಂದ ಬಸ್ಸು ತುಂಬಿ ಹೋಗುವ ಹೆಂಗಸರನ್ನು ನೀವೂ ನೋಡಿರುತ್ತೀರಿ. ಅಲ್ಲಿ ಹೆಂಗಸರೇ ಗರ್ಭಗುಡಿಗೆ ಹೋಗಿ ಪೂಜೆ ಮಾಡುತ್ತಾರೆ, ಮುಟ್ಟಿನ ದಿನವೂ ತಡೆಯಿಲ್ಲ. ಕಟ್ಟಿ ಬೆಳೆಸಿದವರು ಮೇಷ್ಟ್ರಾಗಿದ್ದ ಬಂಗಾರು ಅಡಿಗಳಾರ್. ಸರ್ಕಾರಿ ಆದೇಶ, ಕೋರ್ಟು ಯಾವುದೂ ಬೇಕಾಗಲಿಲ್ಲ.

ಹಾಗಾದರೆ ಆಗಮದ ಗುಡಿಯಲ್ಲಿ ಮಾತ್ರ ಜಾತಿ, ಅಮ್ಮನ ಗುಡಿಯಲ್ಲಿ ಸಮಾನತೆ ಅಂತಲಾ? ವಿಳುಪ್ಪುರಂ ಜಿಲ್ಲೆಯ ಮೇಲ್‌ಪಾದಿ ಬೇರೆ ಮಾತು ಹೇಳುತ್ತದೆ. ಅಲ್ಲಿರುವುದು ದ್ರೌಪದಿ ಅಮ್ಮನ ಗುಡಿ. ಬೆಂಗಳೂರು ಕರಗದ ದ್ರೌಪದಮ್ಮನೇ. ದಲಿತರು ಒಳಗೆ ಬರುವ ವಿಷಯಕ್ಕೆ ಅಲ್ಲಿನ ಪ್ರಬಲ ಜಾತಿಯಾದ ವನ್ನಿಯರ ಜೊತೆ ಗಲಾಟೆಯಾಗಿ 2023ರ ಜೂನ್‌ನಲ್ಲಿ ಅಧಿಕಾರಿಗಳು ಗುಡಿಗೇ ಸೀಲ್ ಹಾಕಿದರು. ಮದುರೈ ಮೀನಾಕ್ಷಿ ದೇವಸ್ಥಾನಕ್ಕೆ ಗಾಂಧಿವಾದಿ ವೈದ್ಯನಾಥ ಅಯ್ಯರ್ ದಲಿತರನ್ನೂ ನಾಡಾರರನ್ನೂ ಕರೆದುಕೊಂಡು ಹೋದದ್ದು 1939ರ ಜುಲೈ 8ರಂದು. ದೊಡ್ಡ ಗುಡಿ ಆಗಲೇ ತೆರೆಯಿತು. ಹಳ್ಳಿಯ ಸಣ್ಣ ಗುಡಿ 84 ವರ್ಷ ಆದಮೇಲೂ ಬೀಗ ಕಂಡಿತು. ಈ ಸಣ್ಣ ಗುಡಿಗಳ ಹೊರಬಾಗಿಲಿನ ವಿಷಯ ಬಂದಾಗ ದ್ರಾವಿಡ ಪಕ್ಷಗಳ ದನಿ ಅಷ್ಟು ಜೋರಾಗಿ ಕೇಳುವುದಿಲ್ಲ. ಕಾರಣ ಕಷ್ಟದ್ದೇನಲ್ಲ. ಗರ್ಭಗುಡಿಯ ಜಗಳದಲ್ಲಿ ಎದುರಿಗಿರುವವರ ಓಟು ಕಡಿಮೆ, ಅಮ್ಮನ ಗುಡಿಯ ಜಗಳದಲ್ಲಿ ಜಾಸ್ತಿ.

ತಟ್ಟೆಯ ಕಾಸು

ಅರ್ಚಕ ಅಂದರೆ ದೊಡ್ಡ ಆದಾಯದವರು ಅನ್ನುವುದು ಪಳನಿ, ಶ್ರೀರಂಗ ನೋಡಿದವರ ಅಂದಾಜು. ಸಾವಿರಾರು ಹಳೇ ಗುಡಿಗಳು ‘ಒರು ಕಾಲ ಪೂಜೆ’ಯವು, ದಿನಕ್ಕೆ ಒಂದೇ ಹೊತ್ತು ದೀಪ. ಅಂಥ 12,959 ಗುಡಿಗಳ ಅರ್ಚಕರಿಗೆ ತಿಂಗಳಿಗೆ 1,000 ರೂಪಾಯಿ ಪ್ರೋತ್ಸಾಹಧನ ಕೊಡುವುದಾಗಿ ಸರ್ಕಾರ 2021ರಲ್ಲಿ ಹೇಳಿತು. ಅದಕ್ಕೇ ಸುದ್ದಿಯಾಯಿತು ಅಂದರೆ ಮೊದಲು ಏನಿತ್ತು ಅಂತ ಊಹಿಸಿ. ತಟ್ಟೆಗೆ ಬೀಳುವ ಕಾಸೇ ಬದುಕು. ಇಂಥ ಕೆಲಸಕ್ಕೆ ಶಿವಾಚಾರ್ಯರ ಮನೆಯ ಹುಡುಗರೇ ಬರದೆ ಐಟಿ ಕಡೆ ಹೋಗುತ್ತಿದ್ದಾರೆ. ಎಷ್ಟೋ ಹಳ್ಳಿಯ ಶಿವಾಲಯಗಳಲ್ಲಿ ಯಾರು ಮುಟ್ಟಬೇಕು ಅನ್ನುವುದಕ್ಕಿಂತ ಮೊದಲು, ಬೆಳಿಗ್ಗೆ ಬಂದು ಬೀಗ ತೆಗೆಯುವವರು ಯಾರು ಅನ್ನುವ ಪ್ರಶ್ನೆ ಇದೆ.

ಭಾಷೆಯ ಕಡೆ ಒಂದಿಷ್ಟು ಸಡಿಲ ಆಗಿದೆ. 2008ರ ಮಾರ್ಚ್ 2ರಂದು ಚಿದಂಬರದಲ್ಲಿ ನಟರಾಜನ ಎದುರಿನ ವೇದಿಕೆಯಿಂದ ತೇವಾರ ಹಾಡಲು ಆರುಮುಗಸಾಮಿ ಎಂಬ ವಯಸ್ಸಾದ ಓದುವಾರ್‌ಗೆ ಪೊಲೀಸರ ಕಾವಲು ಬೇಕಾಗಿತ್ತು. 2020ರ ಫೆಬ್ರವರಿ 5ರಂದು ತಂಜಾವೂರು ದೊಡ್ಡ ಗುಡಿಯ ಕುಂಭಾಭಿಷೇಕ ಸಂಸ್ಕೃತ, ತಮಿಳು ಎರಡರಲ್ಲೂ ನಡೆಯಿತು. ಅದಕ್ಕೂ ಹೈಕೋರ್ಟಿನವರೆಗೆ ಹೋಗಬೇಕಾಯಿತು, ಆದರೆ ನಡೆಯಿತು. ಮಾತು ಹೊಸ್ತಿಲು ದಾಟಿದಷ್ಟು ಸುಲಭವಾಗಿ ಮನುಷ್ಯರು ದಾಟುತ್ತಿಲ್ಲ.

2021ರಲ್ಲಿ ಸರ್ಕಾರ ಹೆಣ್ಣುಮಕ್ಕಳಿಗೂ ಅರ್ಚಕ ತರಬೇತಿ ಎಂದಿತ್ತು. ಮೂವರು ಯುವತಿಯರು ಶ್ರೀರಂಗದ ಶಾಲೆಯಲ್ಲಿ ಹುಡುಗರ ಜೊತೆ ಕೂತು ಮಂತ್ರ, ಮುದ್ರೆ, ಪೂಜಾಕ್ರಮ ಎಲ್ಲ ಕಲಿತರು. ಆಮೇಲೆ ಒಂದು ವರ್ಷ ದೇವಸ್ಥಾನಗಳಲ್ಲಿ ಹಿರಿಯ ಅರ್ಚಕರ ಕೈಕೆಳಗೆ ಕೆಲಸ ಕಲಿಯಬೇಕು ಅಂತ ನಿಗದಿಯಾಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಪ್ರಮಾಣಪತ್ರ ಕೈಗೆ ಬಂತು. ಆಗಮದ ಗುಡಿಗಳ ಅರ್ಚಕರ ನೇಮಕದಲ್ಲಿ ಯಥಾಸ್ಥಿತಿ ಇರಲಿ ಎಂದು ಸುಪ್ರೀಂ ಕೋರ್ಟು ಆದೇಶ ಮಾಡಿದ್ದೂ ಅದೇ ತಿಂಗಳ 25ರಂದು.